ಜನಸಂಖ್ಯೆ ಮತ್ತು ಕುಟುಂಬ ಯೋಜನೆ: ಮಂಡ್ಯ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆಯ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಊರವರ ಬಾಯಲ್ಲಿ ನಾವು ‘ನರ್ಸಮ್ಮ’. ಈಗ ಮೈಸೂರಿನಲ್ಲಿ ನೆಲೆಸಿದ್ದೇನೆ. ಕಾಲೇಜುಗಳಿಂದ, ಸ್ತ್ರೀಶಕ್ತಿ ಸಂಘಗಳಿಂದ ಕರೆ ಬಂದರೆ ಹೋಗಿ ಮಾತನಾಡುತ್ತೇನೆ. ಎಲ್ಲಿ ಹೋದರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವನ್ನು ಸಭೆಯಲ್ಲಿ ಗಟ್ಟಿಯಾಗಿ ಕೇಳುತ್ತಾರೆ, ಕೆಲವನ್ನು ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳುತ್ತಾರೆ. ಎರಡೂ ಬಗೆಯವು ಇಲ್ಲಿವೆ.

ಪ್ರಪಂಚದ ಜನಸಂಖ್ಯೆ ಈಗ ಎಷ್ಟು? ಇಷ್ಟು ಬೇಗ ಏರಿದ್ದು ಹೇಗೆ?

ವಿಶ್ವಸಂಸ್ಥೆಯ ಲೆಕ್ಕದಂತೆ 2022ರ ನವೆಂಬರ್ 15ರಂದು ನಾವು 800 ಕೋಟಿ ಮುಟ್ಟಿದೆವು. ಮನುಷ್ಯ ಕುಲ 100 ಕೋಟಿ ತಲುಪಿದ್ದು 1800ರ ಆಸುಪಾಸಿನಲ್ಲಿ. 200 ಕೋಟಿಯಾಗಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಆಮೇಲೆ ಓಟ ಹಿಡಿಯಿತು: 1960ರಲ್ಲಿ 300 ಕೋಟಿ, 1987ರಲ್ಲಿ 500 ಕೋಟಿ, 1999ರಲ್ಲಿ 600 ಕೋಟಿ, 2011ರಲ್ಲಿ 700 ಕೋಟಿ. ಜುಲೈ 11ರಂದು ವಿಶ್ವ ಜನಸಂಖ್ಯಾ ದಿನ ಆಚರಿಸುವುದು 1987ರಲ್ಲಿ 500 ಕೋಟಿ ಮುಟ್ಟಿದ ದಿನದ ನೆನಪಿಗೆ.

ಜನ ಮೊದಲಿಗಿಂತ ಹೆಚ್ಚು ಹೆತ್ತದ್ದರಿಂದ ಹೀಗಾಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಹೆರುವುದು ಮೊದಲೂ ಇಷ್ಟೇ ಇತ್ತು. ಹುಟ್ಟಿದ ಮಕ್ಕಳು ಉಳಿಯತೊಡಗಿದ್ದು ಹೊಸದು. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು, ಈಗ 70 ದಾಟಿದೆ. ಪ್ಲೇಗ್, ಸಿಡುಬು, ಕಾಲರಾ ಊರೂರನ್ನೇ ಬರಿದು ಮಾಡುತ್ತಿದ್ದ ಕಾಲ ಹೋಯಿತು. ದೇಶದಲ್ಲಿ ಜನಸಂಖ್ಯೆ ಇಳಿದ ಕೊನೆಯ ದಶಕ 1911ರಿಂದ 1921. ಆ ದಶಕದಲ್ಲಿ ಇನ್‌ಫ್ಲುಯೆಂಜಾ ಜ್ವರ ಮನೆಮನೆಯನ್ನು ಹೊಕ್ಕಿತ್ತು. ಆದ್ದರಿಂದ ಜನಸಂಖ್ಯೆ ಏರಿದ ಕಥೆಯನ್ನು ಶಾಪದಂತೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಐದು ವರ್ಷ ತುಂಬುವ ಮೊದಲೇ ಮಣ್ಣಾಗುತ್ತಿದ್ದ ಮಕ್ಕಳು ಬದುಕಿದ ಕಥೆ ಅದು.

ಹೀಗೆಯೇ ಏರುತ್ತಾ ಹೋಗುತ್ತದೆಯೆ?

ಇಲ್ಲ. 1960ರ ದಶಕದಲ್ಲಿ ಪ್ರಪಂಚದ ಜನಸಂಖ್ಯೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಬೆಳೆಯುತ್ತಿತ್ತು, ಈಗ ಶೇ 1ಕ್ಕಿಂತ ಕಡಿಮೆ. ಆಗ ಒಬ್ಬ ಮಹಿಳೆಗೆ ಸರಾಸರಿ ಐದು ಮಕ್ಕಳು, ಈಗ ಎರಡೂಕಾಲು. 2024ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ಅಂದಾಜಿನಂತೆ 2080ರ ದಶಕದಲ್ಲಿ ಸುಮಾರು 1,030 ಕೋಟಿ ತಲುಪಿ, ಅಲ್ಲಿಂದ ನಿಧಾನವಾಗಿ ಇಳಿಯತೊಡಗುತ್ತದೆ. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಈ ಸರಾಸರಿ ಒಂದಕ್ಕೂ ಕೆಳಗೆ, 0.72ಕ್ಕೆ ಬಂದಿತ್ತು. ಇನ್ನೊಂದು ತುದಿಯಲ್ಲಿ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳಿವೆ. ಮುಂದಿನ ಏರಿಕೆಯ ದೊಡ್ಡ ಪಾಲು ಅಲ್ಲಿಯದು.

ಎಲ್ಲರೂ ಎರಡೇ ಮಕ್ಕಳಿಗೆ ನಿಲ್ಲಿಸುತ್ತಿದ್ದಾರೆ. ಆದರೂ ನಮ್ಮ ದೇಶದ ಜನಸಂಖ್ಯೆ ಏಕೆ ಏರುತ್ತಿದೆ?

ಒಂದು ಮನೆಯನ್ನು ಎಣಿಸಿ ನೋಡಿ. ಅಜ್ಜಿಗೆ ಆರು ಮಕ್ಕಳು. ಆರೂ ಮಂದಿ ಎರಡೆರಡಕ್ಕೇ ನಿಲ್ಲಿಸಿದರು. ಆದರೂ ಮೊಮ್ಮಕ್ಕಳು ಹನ್ನೆರಡು. ಅಜ್ಜಿಯೂ ಇದ್ದಾರೆ, ಆರು ಮಂದಿಯೂ ಇದ್ದಾರೆ, ಹನ್ನೆರಡು ಮಕ್ಕಳೂ ಇದ್ದಾರೆ. ದೊಡ್ಡದಾಗಿ ಹುಟ್ಟಿದ ಆ ನಡುವಿನ ತಲೆಮಾರು ಹಳತಾಗುವವರೆಗೆ ತಲೆ ಎಣಿಕೆ ಏರುತ್ತಲೇ ಇರುತ್ತದೆ. ಭಾರತ ಈಗ ಇರುವುದು ಈ ಹಂತದಲ್ಲಿ. 2023ರಲ್ಲಿ ನಾವು ಚೀನಾವನ್ನು ಹಿಂದಿಕ್ಕಿದ್ದಕ್ಕೂ ಮುಖ್ಯ ಕಾರಣ ಇದೇ.

ಜನಸಂಖ್ಯೆ ಏರದೆ ಇಳಿಯದೆ ನಿಲ್ಲಬೇಕಾದರೆ ಒಬ್ಬ ಮಹಿಳೆಗೆ ಸರಾಸರಿ 2.1 ಮಕ್ಕಳು ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಸರಾಸರಿ 2.0, ಕರ್ನಾಟಕದ್ದು 1.7. ನಮ್ಮ ರಾಜ್ಯ 2005ರ ಹೊತ್ತಿಗೇ 2.1ರ ಗೆರೆ ತಲುಪಿತ್ತು. ಬಿಹಾರ 3.0ರಲ್ಲಿತ್ತು, ಅದೂ ಇಳಿಯುತ್ತಿದೆ.

ಮಂಡ್ಯ, ಮೈಸೂರು ಜಿಲ್ಲೆಗಳ ಲೆಕ್ಕ ಹೇಗಿದೆ?

2001ರಲ್ಲಿ ಮಂಡ್ಯ ಜಿಲ್ಲೆಯಲ್ಲಿ 17.6 ಲಕ್ಷ ಜನರಿದ್ದರು, 2011ರಲ್ಲಿ 18 ಲಕ್ಷ ಚಿಲ್ಲರೆ. ಹತ್ತು ವರ್ಷಕ್ಕೆ ಶೇ 2.5ರಷ್ಟೂ ಏರಲಿಲ್ಲ. ಮೈಸೂರು ಜಿಲ್ಲೆ ಅದೇ ಅವಧಿಯಲ್ಲಿ 26.4 ಲಕ್ಷದಿಂದ 30 ಲಕ್ಷಕ್ಕೆ ಹೋಯಿತು. ಮಂಡ್ಯದಲ್ಲಿ ಹೆರಿಗೆ ಕಡಿಮೆಯಾಯಿತು, ಹುಡುಗರು ಬೆಂಗಳೂರಿನ ರೈಲು ಹತ್ತಿದರು, ಓದುವ ಮಕ್ಕಳಿರುವವರು ಮೈಸೂರಿನಲ್ಲಿ ಮನೆ ಮಾಡಿದರು. 2021ರ ಗಣತಿ ನಡೆಯಲೇ ಇಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಸರ್ಕಾರ ಪ್ರಕಟಿಸಿದೆ. ಹೊಸ ಅಂಕಿ ಬರುವವರೆಗೆ ಇವೇ ನಮ್ಮ ಕೈಯಲ್ಲಿರುವ ಪಕ್ಕಾ ಅಂಕಿಗಳು.

‘ನಮ್ಮ ಊರಿನಲ್ಲಿ ಜನಸಂಖ್ಯಾ ಸ್ಫೋಟ’ ಎಂಬ ವಿಷಯ ಕೊಟ್ಟು ಶಾಲೆಗಳಲ್ಲಿ ಇಂದಿಗೂ ಪ್ರಬಂಧ ಬರೆಸುತ್ತಾರೆ. ಊರಿನ ಸರ್ಕಾರಿ ಶಾಲೆ ಮಕ್ಕಳಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿರುವಾಗ ಆ ಪ್ರಬಂಧವನ್ನು ಮಕ್ಕಳು ಯಾವುದನ್ನು ನೋಡಿ ಬರೆಯಬೇಕು? ನಮ್ಮ ಸೀಮೆಯಲ್ಲಿ ಎಷ್ಟು ಮಕ್ಕಳು ಎಂಬ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಆ ಇತ್ಯರ್ಥದ ಭಾರವನ್ನು ಯಾರು ಹೊತ್ತರು, ಈಗಲೂ ಯಾರು ಹೊರುತ್ತಿದ್ದಾರೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸರ್ಕಾರದಿಂದ ಕುಟುಂಬ ಯೋಜನೆ ಮೊದಲು ಶುರುವಾದದ್ದು ಮೈಸೂರಿನಲ್ಲಿ ಎನ್ನುತ್ತಾರೆ. ನಿಜವೆ?

ನಿಜ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತು. ಒಂದು ಸರ್ಕಾರವೇ ಮುಂದೆ ನಿಂತು ನಡೆಸಿದ ಇಂಥ ಕೇಂದ್ರಗಳಲ್ಲಿ ಇವು ಪ್ರಪಂಚಕ್ಕೇ ಮೊದಲಿನವು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳ ಹೆಸರು ಈ ಸಂದರ್ಭದಲ್ಲಿ ಬರುತ್ತವೆ. ಆಗ ಇಂಗ್ಲೆಂಡ್, ಅಮೆರಿಕಗಳಲ್ಲೂ ಇದಕ್ಕೆ ವಿರೋಧವಿತ್ತು. ಗಾಂಧೀಜಿಯವರೂ ಗರ್ಭನಿರೋಧಕ ಸಾಧನಗಳನ್ನು ಒಪ್ಪುತ್ತಿರಲಿಲ್ಲ, ಬ್ರಹ್ಮಚರ್ಯದ ಸಂಯಮವೇ ಸರಿಯಾದ ದಾರಿ ಎನ್ನುತ್ತಿದ್ದರು. ಇಂದಿಗೂ ಚೆಲುವಾಂಬದ ಹೊರರೋಗಿ ವಿಭಾಗದಲ್ಲಿ ಹಾಸನ, ಚಾಮರಾಜನಗರ, ಕೊಡಗಿನ ಹೆಣ್ಣುಮಕ್ಕಳು ತಾಯಿ ಕಾರ್ಡ್ ಹಿಡಿದು ಸಾಲು ನಿಂತಿರುತ್ತಾರೆ. ಈ ಚರಿತ್ರೆಯನ್ನು ಹೇಳುವ ಒಂದು ಫಲಕ ಆ ಸಾಲಿನ ಎದುರಿನ ಗೋಡೆಯ ಮೇಲೆ ಇರಬೇಕೆಂಬುದು ನನ್ನ ಆಸೆ.

ಇಡೀ ದೇಶಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 1952ರಲ್ಲಿ. ಅದೂ ಪ್ರಪಂಚದಲ್ಲಿ ಮೊದಲನೆಯದು.

ಗಂಡಸರು ಆಪರೇಷನ್ ಎಂದರೆ ಹೆದರುವುದೇಕೆ? ತುರ್ತು ಪರಿಸ್ಥಿತಿಯಲ್ಲಿ ಏನಾಯಿತು?

ನಾನು ಕೆಲಸಕ್ಕೆ ಸೇರಿದಾಗಲೂ ಊರಿನ ಹಿರಿಯರು ಆ ಕಾಲವನ್ನು ನೆನೆಸಿಕೊಂಡು ನಮ್ಮನ್ನು ಅನುಮಾನದಿಂದ ನೋಡುತ್ತಿದ್ದರು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಹುಪಾಲು ಗಂಡಸರಿಗೆ. ಸರ್ಕಾರಿ ನೌಕರರಿಗೆ ಇಷ್ಟು ತಲೆ ತರಬೇಕೆಂಬ ಗುರಿ, ತರದಿದ್ದರೆ ಸಂಬಳಕ್ಕೆ ತಡೆ. ಉತ್ತರದ ರಾಜ್ಯಗಳಲ್ಲಿ ಪೊಲೀಸರು ಹಳ್ಳಿಗಳನ್ನು ಸುತ್ತುವರಿದು ಜನರನ್ನು ಲಾರಿ ಹತ್ತಿಸಿದ್ದೂ ಉಂಟು. ಬಡವರು, ದಲಿತರು, ಮುಸ್ಲಿಮರು ಹೆಚ್ಚು ನಲುಗಿದರು. 1977ರ ಚುನಾವಣೆಯಲ್ಲಿ ಜನ ಇದಕ್ಕೆ ಉತ್ತರ ಕೊಟ್ಟರು. ಇಲಾಖೆಯ ಹೆಸರು ‘ಕುಟುಂಬ ಯೋಜನೆ’ಯಿಂದ ‘ಕುಟುಂಬ ಕಲ್ಯಾಣ’ವಾಯಿತು.

ಆ ಪೆಟ್ಟಿನ ನಂತರ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಗುರಿ ಮಾತ್ರ ಉಳಿಯಿತು, ಅದನ್ನು ಹೆಂಗಸರ ಕಡೆಗೆ ತಿರುಗಿಸಿದರು. ಗುರಿಯ ಪದ್ಧತಿಯನ್ನು ಕಾಗದದ ಮೇಲೆ ತೆಗೆದದ್ದು 1996ರಲ್ಲಿ. ಕಾಗದದ ಮೇಲೆ ಎಂದು ಒತ್ತಿ ಹೇಳುತ್ತಿದ್ದೇನೆ. ಅರ್ಹ ದಂಪತಿಗಳ ರಿಜಿಸ್ಟರ್ ಬಗಲಲ್ಲಿಟ್ಟುಕೊಂಡು ಮಾರ್ಚ್ ತಿಂಗಳಿನಲ್ಲಿ ಮನೆಮನೆ ಅಲೆಯುವುದು ನಮಗೆ ತಪ್ಪಲಿಲ್ಲ. 2014ರಲ್ಲಿ ಛತ್ತೀಸಗಡದ ಬಿಲಾಸಪುರದ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡ ಹತ್ತಕ್ಕೂ ಹೆಚ್ಚು ಮಹಿಳೆಯರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು.

ಗಂಡಸು ಆಪರೇಷನ್ ಮಾಡಿಸಿಕೊಂಡರೆ ಶಕ್ತಿ ಕುಂದುತ್ತದೆ, ಗದ್ದೆ ಕೆಲಸ ಆಗುವುದಿಲ್ಲ ಎನ್ನುತ್ತಾರಲ್ಲ?

ಈ ಪ್ರಶ್ನೆಯನ್ನು ಗಂಡಸರಿಗಿಂತ ಅವರ ತಾಯಂದಿರು ಹೆಚ್ಚು ಕೇಳುತ್ತಾರೆ. ಕುಂದುವುದಿಲ್ಲ. ವೀರ್ಯಾಣುಗಳನ್ನು ಸಾಗಿಸುವ ಎರಡು ಸಣ್ಣ ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ, ಅಷ್ಟೇ. ವೃಷಣ ಹಾಗೆಯೇ ಇರುತ್ತದೆ, ಗಂಡಸುತನದ ಹಾರ್ಮೋನು ಮೊದಲಿನಂತೆಯೇ ರಕ್ತಕ್ಕೆ ಸೇರುತ್ತದೆ, ದಾಂಪತ್ಯ ಸುಖದಲ್ಲಿ ವ್ಯತ್ಯಾಸವಿಲ್ಲ. ಈಗಿನದು ಹೊಲಿಗೆಯಿಲ್ಲದ ವಿಧಾನ. ಚರ್ಮದಲ್ಲಿ ಒಂದು ಸಣ್ಣ ತೂತು, ಅರ್ಧ ಗಂಟೆಯ ಕೆಲಸ, ಅದೇ ದಿನ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತದಿದ್ದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಮುಖ್ಯ: ಮೊದಲ ಮೂರು ತಿಂಗಳು ಕಾಂಡೋಮ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇದನ್ನು ಮರೆತವರಿಂದಲೇ ‘ಆಪರೇಷನ್ ಆದರೂ ಬಸಿರಾದಳು’ ಎಂಬ ಸುದ್ದಿ ಹುಟ್ಟಿ, ಆ ಹೆಂಗಸಿನ ಶೀಲದ ಮೇಲೆ ಗುಮಾನಿ ಬರುವುದು.

ಹೆಂಗಸಿನದು ಹೊಟ್ಟೆಯೊಳಗೆ ಕೈಹಾಕುವ ಶಸ್ತ್ರಚಿಕಿತ್ಸೆ. ಗಂಡಸಿನದಕ್ಕಿಂತ ಅಪಾಯವೂ ಹೆಚ್ಚು, ಚೇತರಿಕೆಗೆ ಬೇಕಾದ ದಿನಗಳೂ ಹೆಚ್ಚು. ಹಾಗಿದ್ದೂ ಅದೇ 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು. ಗಂಡಸರ ಲೆಕ್ಕ ದೇಶದಲ್ಲಿ ಶೇ 0.3, ನಮ್ಮ ರಾಜ್ಯದಲ್ಲಿ ಸೊನ್ನೆಯ ಹತ್ತಿರ.

ಒಂದು ಮನೆಯ ವಿಷಯ ಹೇಳುತ್ತೇನೆ. ಸೊಸೆಗೆ ರಕ್ತ ಕಡಿಮೆಯಿತ್ತು, ಎರಡನೆಯದು ಸಿಸೇರಿಯನ್. ಗಂಡನಿಗೆ ಮಾಡಿಸಿ ಎಂದು ಜಗಲಿಯಲ್ಲಿ ಕೂತು ವಿವರಿಸಿದೆ. ಅತ್ತೆ ಮೊರ ಕೇರುತ್ತಲೇ ಹೇಳಿದರು: ‘ನರ್ಸಮ್ಮ, ಅವನು ಕಬ್ಬು ಕಡಿಯುವವನು. ಅವನ ಸೊಂಟ ಹೋದರೆ ಮನೆ ನಡೆಯುವುದು ಹೇಗೆ? ಇವಳಿಗೇ ಮಾಡಿಸಿಬಿಡಿ.’ ಗಂಡ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ, ತುಟಿ ಬಿಚ್ಚಲಿಲ್ಲ. ಸೊಸೆಗೇ ಆಯಿತು. ಹೊಲಿಗೆ ಬಿಚ್ಚಿದ ವಾರದಲ್ಲಿ ನಾನು ಆ ದಾರಿಯಲ್ಲಿ ಹೋದಾಗ ಅವಳು ನಾಟಿ ಗದ್ದೆಯಲ್ಲಿ ಸೊಂಟ ಬಗ್ಗಿಸಿ ಪೈರು ನೆಡುತ್ತಿದ್ದಳು. ಆ ಮನೆಯಲ್ಲಿ ಯಾರ ಸೊಂಟದ ಮೇಲೆ ಕೆಲಸ ನಡೆಯುತ್ತಿತ್ತು ಎಂದು ಅವತ್ತು ಯಾರೂ ಕೇಳಿಕೊಳ್ಳಲಿಲ್ಲ.

ಆಪರೇಷನ್ ಬಿಟ್ಟರೆ ಬೇರೆ ದಾರಿಯಿಲ್ಲವೆ?

ಬೇಕಾದಷ್ಟಿವೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಕಾಪರ್-ಟಿ, ನಮ್ಮ ಕಡೆ ವಂಕಿ ಎನ್ನುವುದು, ಹತ್ತು ವರ್ಷದವರೆಗೆ ಕೆಲಸ ಮಾಡುವಂಥದ್ದು ಸಿಗುತ್ತದೆ. ಹೆರಿಗೆಯಾದ 48 ಗಂಟೆಯೊಳಗೂ ಹಾಕಿಸಿಕೊಳ್ಳಬಹುದು. ಅದು ಹೊಟ್ಟೆಯಿಂದ ಎದೆಗೆ ಏರುತ್ತದೆ ಎಂಬುದು ಸುಳ್ಳು. ‘ಅಂತರ’ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಮುಟ್ಟಿನಲ್ಲಿ ಏರುಪೇರಾಗುತ್ತದೆ, ನಿಲ್ಲಿಸಿದ ಮೇಲೆ ಬಸಿರಾಗಲು ಕೆಲವು ತಿಂಗಳು ಹಿಡಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆಂಗಸರು ಗಾಬರಿಯಾಗಿ ಅರ್ಧಕ್ಕೇ ಬಿಡುತ್ತಾರೆ. ‘ಛಾಯಾ’ ಮಾತ್ರೆ ಲಖನೌದ ನಮ್ಮದೇ ವಿಜ್ಞಾನಿಗಳು ರೂಪಿಸಿದ್ದು, ಅದರಲ್ಲಿ ಹಾರ್ಮೋನಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ದಿನವೂ ನುಂಗುವ ಮಾಲಾ-ಎನ್ ಇದೆ. ಕಾಂಡೋಮ್ ಒಂದೇ ಸೋಂಕನ್ನೂ ತಡೆಯುವುದು.

ಇಪ್ಪತ್ತರ ಹರೆಯದಲ್ಲೇ ಎರಡು ಹೆತ್ತು, ಆಪರೇಷನ್ ಮುಗಿಸಿ, ಇನ್ನು ಚಿಂತೆಯಿಲ್ಲ ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೊದಲನೆಯದನ್ನು ತಡಮಾಡುವುದು, ಎರಡರ ನಡುವೆ ಮೂರು ವರ್ಷ ಬಿಡುವುದು ತಾಯಿಯ ರಕ್ತಕ್ಕೂ ಮಗುವಿನ ತೂಕಕ್ಕೂ ಒಳ್ಳೆಯದು. ಆ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಿಗೆ ಒಬ್ಬಳು 18 ತುಂಬುವ ಮೊದಲೇ ಮದುವೆಯಾದವಳು. ಅವಳ ಕೈಗೆ ಯಾವ ಮಾತ್ರೆ ಕೊಟ್ಟರೂ ಅದನ್ನು ನುಂಗುವ ಸ್ವಾತಂತ್ರ್ಯ ಆ ಮನೆಯಲ್ಲಿ ಅವಳಿಗೆ ಇರುವುದಿಲ್ಲ.

ಎರಡೂ ಹೆಣ್ಣಾಗಿವೆ. ಮೂರನೆಯದು ಗಂಡೇ ಎಂದು ತಿಳಿಯುವುದು ಹೇಗೆ?

ಸಭೆ ಮುಗಿದ ಮೇಲೆ, ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ತಿಳಿಯಲು ಹೋಗುವುದೇ ಅಪರಾಧ. 1994ರ ಕಾನೂನಿನಂತೆ ಭ್ರೂಣದ ಲಿಂಗ ಪತ್ತೆ ಮಾಡುವ ವೈದ್ಯರಿಗೆ, ಮಾಡಿಸುವ ಮನೆಯವರಿಗೆ ಜೈಲು ಶಿಕ್ಷೆಯಿದೆ. ಬಸುರಿಯನ್ನು ಗಂಡ ಮತ್ತು ಅವನ ಮನೆಯವರು ಒತ್ತಾಯಿಸಿದ್ದಾರೆ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವವರಿಗೆ ಇದನ್ನು ಎಷ್ಟು ಸಲವಾದರೂ ಹೇಳಬೇಕು.

2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಅಲ್ಲಿ ಹೆಣ್ಣೆಂದು ಗೊತ್ತಾದ ಬಸುರಿಯರನ್ನು ಮೈಸೂರಿಗೆ ಕರೆದೊಯ್ದು ತೆಗೆಸುತ್ತಿದ್ದರೆಂದು ಪೊಲೀಸರು ಹೇಳಿದರು. ಮರುವರ್ಷ ಪಾಂಡವಪುರದಲ್ಲಿ ಇನ್ನೊಂದು ಪ್ರಕರಣ ಹೊರಬಿತ್ತು. ಬೆಲ್ಲ ಬೇಯಿಸುವ ಜಾಗದಲ್ಲಿ, ಕೊಪ್ಪರಿಗೆಯ ಪಕ್ಕದ ಕೋಣೆಯಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮಲಗಿಸಿ ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು ಎಂದು ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ.

ಇದರಲ್ಲಿ ನಮ್ಮ ಕಾರ್ಯಕ್ರಮದ ಪಾಲೂ ಇದೆ ಎಂದು ನಾನು ನಂಬಿದ್ದೇನೆ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಗೋಡೆಗೋಡೆಗಳ ಮೇಲೆ ಬರೆಸಿದೆವು. ಎರಡೇ ಸಾಕು ಎಂಬುದನ್ನು ಜನ ಕಲಿತರು, ಎರಡರಲ್ಲಿ ಒಂದು ಗಂಡಾಗಿರಲೇಬೇಕು ಎಂಬುದನ್ನೂ ಕಲಿತರು. ಐದಾರು ಹೆರುವ ಕಾಲದಲ್ಲಿ ಒಂದಾದರೂ ಗಂಡಾಗುತ್ತಿತ್ತು. ಕುಟುಂಬ ಚಿಕ್ಕದಾದಾಗ, ಗಂಡಿನ ಆಸೆ ಮಾತ್ರ ಚಿಕ್ಕದಾಗದಿದ್ದರೆ, ಅದರ ಬೆಲೆಯನ್ನು ಹೆಣ್ಣು ಭ್ರೂಣ ತೆರುತ್ತದೆ. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 1991ರಲ್ಲಿ 945 ಇದ್ದದ್ದು 2001ಕ್ಕೆ 927ಕ್ಕೆ, 2011ಕ್ಕೆ 920ಕ್ಕಿಂತ ಕೆಳಕ್ಕೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಬೇಸಾಯಗಾರನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಒಂದು ಕಾರಣ, ಹುಟ್ಟಲು ಬಿಡದ ಹೆಣ್ಣುಗಳೂ ಇನ್ನೊಂದು ಕಾರಣ.

ಲಿಂಗ ಪತ್ತೆಯೇ ಬೇರೆ, ಗರ್ಭಪಾತವೇ ಬೇರೆ. 1971ರ ಕಾನೂನು, 2021ರ ತಿದ್ದುಪಡಿಯಂತೆ, 20 ವಾರದೊಳಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯದ ಮೇಲೆ ಕಾನೂನಿನಲ್ಲಿ ಹೇಳಿದ ಕಾರಣಗಳಿಗೆ ಗರ್ಭಪಾತಕ್ಕೆ ಅವಕಾಶವಿದೆ. ಗರ್ಭನಿರೋಧಕ ವಿಫಲವಾದದ್ದೂ ಅಂಥದೊಂದು ಕಾರಣ, ಮದುವೆಯಾಗದವರಿಗೂ ಅನ್ವಯಿಸುತ್ತದೆ. ಹೆಸರನ್ನು ಗೋಪ್ಯವಾಗಿಡಬೇಕು. ಹೆದರಿ ಕಳ್ಳ ಕ್ಲಿನಿಕ್‌ಗಳಿಗೆ ಹೋಗಬೇಡಿ.

ಚೀನಾದಂತೆ ಕಾನೂನು ಮಾಡಿದರೆ ಎಲ್ಲ ಸರಿಹೋಗುವುದಿಲ್ಲವೆ?

ಚೀನಾ 1980ರ ಹೊತ್ತಿಗೆ ಒಂದೇ ಮಗುವಿನ ನೀತಿ ತಂದಿತು. ದಂಡ, ಬಲವಂತದ ಗರ್ಭಪಾತ ಎಲ್ಲವೂ ನಡೆದವು. 2016ರಿಂದ ಎರಡಕ್ಕೆ, 2021ರಿಂದ ಮೂರಕ್ಕೆ ಅವಕಾಶ ಕೊಟ್ಟರೂ ಅಲ್ಲಿನವರು ಹೆರುತ್ತಿಲ್ಲ. 2022ರಿಂದ ಜನಸಂಖ್ಯೆ ಇಳಿಯುತ್ತಿದೆ. ಇತ್ತ ಕೇರಳ ಯಾವ ಬಲವಂತವೂ ಇಲ್ಲದೆ, ಹೆಣ್ಣುಮಕ್ಕಳ ಓದು ಮತ್ತು ಹತ್ತಿರದ ಆಸ್ಪತ್ರೆಗಳ ಬಲದಿಂದ 1980ರ ದಶಕದಲ್ಲೇ ಎರಡು ಮಕ್ಕಳ ಸರಾಸರಿಗೆ ಬಂದಿತ್ತು. ಇರಾನ್ ಆರರಿಂದ ಎರಡಕ್ಕೆ ಇಳಿಯಲು ಎರಡು ದಶಕ ಸಾಕಾಯಿತು, ಹಳ್ಳಿಯ ಆರೋಗ್ಯ ಕೇಂದ್ರಗಳ ಮೂಲಕ. ಬಾಂಗ್ಲಾದೇಶದಲ್ಲಿ ನಮ್ಮಂಥ ಕಾರ್ಯಕರ್ತೆಯರೇ ಮನೆಬಾಗಿಲಿಗೆ ಹೋಗಿ ಮಾಡಿದರು. ಹುಟ್ಟಿದ ಮಗು ಉಳಿಯುತ್ತದೆ ಎಂಬ ಧೈರ್ಯ ಬಂದರೆ, ತಾಯಿ ನಾಲ್ಕಕ್ಷರ ಕಲಿತಿದ್ದರೆ, ಯಾರೂ ಲಾಠಿ ಹಿಡಿಯಬೇಕಾಗಿಲ್ಲ.

ಒಂದು ಧರ್ಮದವರು ಮಾತ್ರ ಹೆಚ್ಚು ಹೆರುತ್ತಿದ್ದಾರೆ ಎಂಬ ಮೆಸೇಜ್ ಬರುತ್ತಿರುತ್ತದೆ. ಹೌದೆ?

1992–93ರ ಸಮೀಕ್ಷೆಯಲ್ಲಿ ಮುಸ್ಲಿಂ ಮಹಿಳೆಯರ ಸರಾಸರಿ 4.4, ಹಿಂದೂ ಮಹಿಳೆಯರದು 3.3. 2019–21ರಲ್ಲಿ 2.4 ಮತ್ತು 1.9. ಅಂತರ ಒಂದು ಮಗುವಿನಿಂದ ಅರ್ಧ ಮಗುವಿಗೆ ಇಳಿದಿದೆ, ಹೆಚ್ಚು ವೇಗವಾಗಿ ಇಳಿದದ್ದು ಮುಸ್ಲಿಮರಲ್ಲಿ. ಬಿಹಾರದ ಹಿಂದೂ ಮಹಿಳೆಗೆ ಕೇರಳದ ಮುಸ್ಲಿಂ ಮಹಿಳೆಗಿಂತ ಹೆಚ್ಚು ಮಕ್ಕಳು. ಓದು, ಬಡತನ, ಊರು ಇವು ಎಷ್ಟು ಮಕ್ಕಳೆಂಬುದನ್ನು ತೀರ್ಮಾನಿಸುತ್ತವೆ. ಅಂಥ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ.

ಇಷ್ಟು ಜನಕ್ಕೆ ಅನ್ನ ಸಾಕಾಗುತ್ತದೆಯೆ?

ಆಹಾರಕ್ಕಿಂತ ಬಾಯಿಗಳೇ ವೇಗವಾಗಿ ಹೆಚ್ಚುತ್ತವೆ ಎಂದು 1798ರಲ್ಲಿ ಇಂಗ್ಲೆಂಡಿನ ಮಾಲ್ತಸ್ ಹೆದರಿಸಿದ್ದರು. ಅವರು ಕಾಣದ ಎರಡು ಸಂಗತಿಗಳು ನಮ್ಮ ಜಿಲ್ಲೆಯಲ್ಲೇ ಇವೆ: ಕನ್ನಂಬಾಡಿಯ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆ, ಮತ್ತು ಸುಧಾರಿತ ತಳಿಗಳನ್ನು ಕೊಟ್ಟ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ. ಅನ್ನಕ್ಕಿಂತ ನೀರು ನನ್ನ ಚಿಂತೆ. ಕಾವೇರಿಯ ಹರಿವು ಹೆಚ್ಚುವುದಿಲ್ಲ, ಅದನ್ನು ಕುಡಿಯುವ ಬೆಂಗಳೂರು ಬೆಳೆಯುತ್ತಲೇ ಇದೆ. ಭೂಮಿಗೆ ಭಾರವೆಂದು ಬಡವರ ಮೂರನೆಯ ಮಗುವಿನತ್ತ ಬೆರಳು ತೋರಿಸುವವರು, ಒಂದೇ ಮಗುವಿರುವ ಮನೆಯ ಎರಡು ಕಾರು, ನಾಲ್ಕು ಎ.ಸಿ.ಗಳನ್ನೂ ಎಣಿಸಲಿ.

ನಾವು ಕಡಿಮೆ ಹೆತ್ತು ಲೋಕಸಭೆಯಲ್ಲಿ ಸ್ಥಾನ ಕಳೆದುಕೊಳ್ಳಬೇಕೆ?

ಜನಸಂಖ್ಯೆಯ ಆಧಾರದ ಮೇಲೆ ರಾಜ್ಯಗಳಿಗೆ ಆಗುವ ಸ್ಥಾನಗಳ ಹಂಚಿಕೆಯನ್ನು 1976ರಲ್ಲಿ 1971ರ ಗಣತಿಗೆ ಕಟ್ಟಿಹಾಕಿದ್ದು ಈ ಭಯಕ್ಕಾಗಿಯೇ. ಕುಟುಂಬ ಯೋಜನೆಯನ್ನು ಪಾಲಿಸಿದ ರಾಜ್ಯಕ್ಕೆ ನಷ್ಟವಾಗಬಾರದೆಂಬುದು ಉದ್ದೇಶ. ದಕ್ಷಿಣದ ರಾಜ್ಯಗಳ ಆತಂಕ ನ್ಯಾಯವಾದದ್ದು, ಅದನ್ನು ಸಂಸತ್ತಿನಲ್ಲಿ ಬಗೆಹರಿಸಬೇಕು. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ನಿಯಮವನ್ನೇ ಆಂಧ್ರಪ್ರದೇಶ 2024ರಲ್ಲಿ ತೆಗೆದುಹಾಕಿತು, ಹೆಚ್ಚು ಮಕ್ಕಳಿರಲಿ ಎಂದು ಅಲ್ಲಿನ ಮುಖ್ಯಮಂತ್ರಿಯೇ ಹೇಳುತ್ತಿದ್ದಾರೆ. ಮೊನ್ನೆಯವರೆಗೆ ಕಡಿಮೆ ಹೆರು ಎಂದವರು ಇಂದು ಹೆಚ್ಚು ಹೆರು ಎನ್ನುತ್ತಾರೆ. ಎರಡು ಸಲವೂ ಹೆರುವವಳನ್ನು ಯಾರೂ ಕೇಳಲಿಲ್ಲ.

ನನಗೆ ಈಗಲೇ ಮಗು ಬೇಡ, ಅತ್ತೆ ಒಪ್ಪುವುದಿಲ್ಲ. ಯಾರನ್ನು ಕೇಳಲಿ?

ಊರಿನ ಆಶಾ ಕಾರ್ಯಕರ್ತೆಯನ್ನು ಕೇಳು ತಾಯಿ. ಮಾತ್ರೆ, ಕಾಂಡೋಮ್ ಅವರ ಬಳಿಯೇ ಇರುತ್ತವೆ. ಅವರು ನಿನ್ನ ಅತ್ತೆಯ ಗೆಳತಿಯೆಂಬ ಅಳುಕಿದ್ದರೆ ಆರೋಗ್ಯ ಸಹಾಯಕಿಯನ್ನು ಉಪಕೇಂದ್ರದಲ್ಲಿ ಕಾಣು, ಇಲ್ಲವೆ 104ಕ್ಕೆ ಕರೆ ಮಾಡು, ಅದು ಸರ್ಕಾರದ ಆರೋಗ್ಯ ಸಹಾಯವಾಣಿ. ‘ಅಂತರ’ ಹಾಕಿಸಿಕೊಂಡರೆ ಮನೆಯಲ್ಲಿ ಮಾತ್ರೆಯ ಪಟ್ಟಿ ಬಚ್ಚಿಡುವ ಕಷ್ಟವಿಲ್ಲ. ಗರ್ಭನಿರೋಧಕಕ್ಕೆ ಗಂಡನ ಸಹಿ ಬೇಕಿಲ್ಲ. ಮುಂದೆ ಆಪರೇಷನ್ ಬೇಕೆನಿಸಿದರೂ ಸರ್ಕಾರದ ನಿಯಮದಂತೆ ಮದುವೆಯಾಗಿದ್ದು, ವಯಸ್ಸು 22 ತುಂಬಿ, ಒಂದು ವರ್ಷ ದಾಟಿದ ಒಂದು ಮಗುವಿದ್ದರೆ ನಿನ್ನ ಒಪ್ಪಿಗೆಯೊಂದೇ ಸಾಕು. ಸಹಿ ಕೇಳಿದರೆ ಆ ನಿಯಮವನ್ನು ತೋರಿಸಿ ಎಂದು ವೈದ್ಯಾಧಿಕಾರಿಯನ್ನೇ ಕೇಳು. ಸಾಧ್ಯವಾದರೆ ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗು. ಅವನಿಗೂ ಕೇಳಬೇಕಾದ ಪ್ರಶ್ನೆಗಳಿರುತ್ತವೆ, ಅವನ್ನು ಕೇಳಲು ಅವನಿಗೂ ಒಂದು ಜಾಗ ಬೇಕು.